ಪಿಒದಲ್ಲಿ (ಖರೀದಿ ಆದೇಶದಲ್ಲಿ) ಪಾವತಿಗೆ 90 ದಿನ ಅಂತಿದ್ದರೆ ಬಡ್ಡಿ ಸಿಗುತ್ತಾ?

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ಸಣ್ಣ ಲೇತ್ ಘಟಕ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆ. ದೊಡ್ಡ ಕಂಪನಿಯೊಂದು ಬುಷ್ (ಯಂತ್ರದ ಬಿಡಿಭಾಗ) ತಗೊಂಡು 70 ದಿನ ಆಯ್ತು, ಹಣ ಬಂದಿಲ್ಲ; ಪಿಒದಲ್ಲಿ 90 ದಿನ ಅಂತ ಇದೆ. ಏನು ಮಾಡಬಹುದು?

ಉತ್ತರ 1: ಪಿಒದಲ್ಲಿ ಏನೇ ಬರೆದಿರಲಿ, 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಸೆಕ್ಷನ್ 15ರ ಪ್ರಕಾರ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುತ್ತದೆ.

ಉತ್ತರ 2: ಸರ್, ಹೆಚ್ಚಿನವರು ಎಡವೋದು ದಾಖಲೆಯಲ್ಲಿ. ದಿನ ಎಣಿಸೋದು ಬಿಲ್ ತಾರೀಖಿನಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಚಲನ್ (ಮಾಲು ಕಳಿಸಿದ ಚೀಟಿ) ಮೇಲೆ ಗೇಟಿನ ಮೊಹರು, ತಾರೀಖು, ಸಹಿ ಮೂರೂ ಇರಲಿ. ಮಾಲು ತಲುಪಿದ 15 ದಿನದೊಳಗೆ ಕಂಪನಿಯವರು ಲಿಖಿತ ತಕರಾರು ಕೊಡದಿದ್ದರೆ ಮಾಲು ಒಪ್ಪಿದಂತೆಯೇ ಲೆಕ್ಕ. ಮೊದಲು ಬಡ್ಡಿ ಲೆಕ್ಕದ ಸಮೇತ ನೋಟಿಸ್ ಕೊಡಿ; ಬಗ್ಗದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿ ವಿವಾದ ಬಗೆಹರಿಸುವ ಸರ್ಕಾರಿ ಮಂಡಳಿ) ಅರ್ಜಿ ಹಾಕಿ. ಆರ್ಡರ್ ತಪ್ಪೀತೆಂಬ ಭಯ ಸಹಜ, ಆದರೆ ನಿಂತ ಹಣದಲ್ಲಿ ಕೆಲಸಗಾರರ ಪಗಾರವೂ ಇದೆ.