ಕ್ಯಾಂಡೀಡ್‌ನ ‘ಆಪ್ಟಿಮಿಸಂ’ಗೆ ಆಶಾವಾದ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಫ್ರೆಂಚ್ ಲೇಖಕ ವಾಲ್ಟೇರನ ‘ಕ್ಯಾಂಡೀಡ್’ ಕಾದಂಬರಿಯ ಕೆಲವು ಅಧ್ಯಾಯ ಕನ್ನಡಕ್ಕೆ ಮಾಡ್ತಾ ಇದೀನಿ, 1759ರ ಪುಸ್ತಕ, ಟೈಟಲ್ಲಲ್ಲೇ ‘ಅಥವಾ ಆಪ್ಟಿಮಿಸಂ’ ಅಂತಿದೆ, ಅಲ್ಲೇ ಗಾಡಿ ನಿಂತಿದೆ. ನಿಘಂಟಲ್ಲಿ ಆಶಾವಾದ ಅಂತ ಸಿಗುತ್ತೆ. ಆದ್ರೆ ಆಶಾವಾದ ಅಂದ್ರೆ ಮುಂದೆ ಒಳ್ಳೇದಾಗುತ್ತೆ ಅನ್ನೋದು ತಾನೆ? ಕಥಾನಾಯಕ ಕ್ಯಾಂಡೀಡನಿಗೆ ಪಾಠ ಮಾಡೋ ಪ್ಯಾಂಗ್ಲಾಸ್ ಮೇಷ್ಟ್ರು ಹೇಳೋದು ಅದಲ್ಲವೇ ಅಲ್ಲ, ಈಗ ಇರೋದೇ ಅತ್ಯುತ್ತಮ ಅಂತ. ಮೂಗು ಇರೋದು ಕನ್ನಡಕ ಹಾಕೋಕೆ, ಅದಕ್ಕೇ ನಾವು ಕನ್ನಡಕ ಹಾಕ್ತೀವಿ ಅನ್ನೋ ಥರದ ತರ್ಕ. ತಮಗೆ ಅನ್ನ ಹಾಕಿದ ಜಾಕ್ ಅನ್ನೋ ಪುಣ್ಯಾತ್ಮ ಲಿಸ್ಬನ್ ಹತ್ರ ಸಮುದ್ರಕ್ಕೆ ಬಿದ್ದು ಮುಳುಗ್ತಿರ್ತಾನೆ, ಕ್ಯಾಂಡೀಡ್ ಹಾರೋಕೆ ಹೋದ್ರೆ ಮೇಷ್ಟ್ರು ತಡೆದು, ಇವನು ಮುಳುಗಲಿ ಅಂತಲೇ ಈ ಕೊಲ್ಲಿ ಆಗಿರೋದು ಅಂತ ಪ್ರೂವ್ ಮಾಡೋಕೆ ಕೂರ್ತಾನೆ, ಅಷ್ಟರಲ್ಲಿ ಹಡಗೇ ಒಡೆದು ಹೋಗುತ್ತೆ. (1755ರ ಭೂಕಂಪ ಆಮೇಲೆ ಬರುತ್ತೆ, ಅದಕ್ಕೂ ಇವನ ಹತ್ರ ಸಮಜಾಯಿಷಿ ರೆಡಿ.)

ದೇವರು ಸಾಧ್ಯ ಇದ್ದ ಲೋಕಗಳಲ್ಲೆಲ್ಲಾ ಅತ್ಯುತ್ತಮವಾದ್ದನ್ನೇ ಆರಿಸಿದ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ಬರೆದಿದ್ದ, ವಾಲ್ಟೇರ್ ಗೇಲಿ ಮಾಡೋದು ಅದನ್ನ. ಹಾಗಾಗಿ ಪದದ ಬೇರಲ್ಲಿ ಆಸೆ ಇಲ್ಲ, ‘ಅತ್ಯುತ್ತಮ’ ಇದೆ.

ತೊಂದರೆ ಜೋರಾಗೋದು ದಕ್ಷಿಣ ಅಮೆರಿಕದ ಸುರಿನಾಮ್ ಬರೋ ಅಧ್ಯಾಯದಲ್ಲಿ. ಒಂದು ಕೈ ಒಂದು ಕಾಲು ಕಳಕೊಂಡ ಗುಲಾಮ ನೆಲದ ಮೇಲೆ ಬಿದ್ದಿದಾನೆ, ಯುರೋಪಿನವರು ಸಕ್ಕರೆ ತಿನ್ನೋದು ಈ ಬೆಲೆಗೆ ಅಂತಾನೆ. ಆಗ ಕ್ಯಾಂಡೀಡ್ ಮೇಷ್ಟ್ರ ಆಪ್ಟಿಮಿಸಂ ಬಿಟ್ಟೆ ಅಂತಾನೆ, ಜೊತೆಗಿದ್ದ ಕಕಾಂಬೊ ಹಂಗಂದ್ರೇನು ಅಂದ್ರೆ, ಎಲ್ಲಾ ಕೆಟ್ಟಿರುವಾಗಲೂ ಎಲ್ಲಾ ಚೆನ್ನಾಗಿದೆ ಅಂತ ಸಾಧಿಸೋ ಹುಚ್ಚು ಅಂತ ಅಳ್ತಾನೆ. ಇಲ್ಲಿ ‘ಆಶಾವಾದ ಬಿಟ್ಟೆ’ ಅಂತ ಬರೆದ್ರೆ ಕೈಚೆಲ್ಲಿ ಕೂತ ಅನ್ಸುತ್ತೆ, ಆದ್ರೆ ಅಳ್ತಾ ಅಳ್ತಾನೇ ಊರೊಳಗೆ ಹೋಗಿ ಹಡಗು ವಿಚಾರಿಸ್ತಾನೆ, ತಾನು ಪ್ರೀತಿಸಿದ ಕುನಿಗೊಂಡ್ ಸಿಗ್ತಾಳೆ ಅನ್ನೋ ಆಸೆ ಒಂಚೂರೂ ಹೋಗಿಲ್ಲ. ಬಿಟ್ಟಿದ್ದು ಮೇಷ್ಟ್ರ ವಾದ ಮಾತ್ರ.

‘ಸರ್ವೋತ್ತಮವಾದ’ ಅಂತ ಯೋಚಿಸಿದೆ, ಓದೋರಿಗೆ ಹರಿ ಸರ್ವೋತ್ತಮ ನೆನಪಾಗಿ ಮಾಧ್ವರ ಚರ್ಚೆ ಶುರುವಾಗುತ್ತೆ, ಬೇಡ. ಆಡುಮಾತಲ್ಲಿ ‘ಆಗೋದೆಲ್ಲಾ ಒಳ್ಳೇದಕ್ಕೇ’ ಅಂತೀವಲ್ಲ, ಅದು ಪ್ಯಾಂಗ್ಲಾಸ್ ಬಾಯಿಗೆ ಅಳತೆ ತಗೊಂಡು ಹೊಲಿಸಿದ ಹಾಗಿದೆ, ಸಾವಿನ ಮನೇಲೂ ಹೇಳೋರಿದಾರೆ. ಸದ್ಯಕ್ಕೆ ‘ಒಳಿತುವಾದ’ ಅಂತ ಇಟ್ಟಿದೀನಿ, ಕೃತಕ ಅನ್ಸುತ್ತಾ?

ಇನ್ನೊಂದು, ಪುಸ್ತಕದ ಕೊನೇ ಮಾತು. ಮೇಷ್ಟ್ರು ಇಷ್ಟೆಲ್ಲಾ ಆಗಿದ್ದಕ್ಕೇ ತಾನೆ ನೀನು ಈಗ ಪಿಸ್ತಾ ತಿಂತಿರೋದು ಅಂತ ಲೆಕ್ಕ ಒಪ್ಪಿಸ್ತಾನೆ, ಕ್ಯಾಂಡೀಡ್ ‘ಸರಿಯಾಗಿ ಹೇಳಿದ್ರಿ, ಆದ್ರೆ ನಮ್ಮ ತೋಟದ ಕೆಲಸ ಆಗ್ಬೇಕು’ ಅಂತಾನೆ. ಮೂಲದಲ್ಲಿ ಉಳುಮೆ, ಬೆಳೆಸೋದು ಎಲ್ಲಾ ಸೇರಿದ ಕ್ರಿಯಾಪದ. ಫ್ರೆಂಡ್ ಒಬ್ರು ‘ಕಾಯಕ’ ಹಾಕಿ ಅಂದ್ರು, ನಂಗೆ ಒಪ್ಪಿಗೆ ಇಲ್ಲ, ಕಾಯಕದ ಹಿಂದೆ ಕೈಲಾಸ ಬಂದೇ ಬರುತ್ತೆ. ‘ಕೈ ಕೆಸರಾದರೆ ಬಾಯಿ ಮೊಸರು’ ಕೂಡ ಆಗಲ್ಲ, ಇಲ್ಲಿ ಕೆಸರು ಮಾತ್ರ ಇದೆ. ಪಕ್ಕದ ಟರ್ಕಿ ರೈತ ಹೇಳೋದೂ ಇಷ್ಟೇ: ದುಡಿಮೆ ಬೇಜಾರು, ದುಶ್ಚಟ, ಬಡತನ ಮೂರನ್ನೂ ದೂರ ಇಡುತ್ತೆ. ಅದರ ಮೇಲೆ ಸ್ವರ್ಗದ ಮಾತಿಲ್ಲ. ಕುನಿಗೊಂಡ್ ಕಜ್ಜಾಯ ಥರದ ತಿಂಡಿ ಮಾಡೋದು ಕಲೀತಾಳೆ, ಸನ್ಯಾಸಿ ಒಬ್ಬ ಬಡಗಿ ಆಗ್ತಾನೆ.

‘ಕೃಷಿ ಮಾಡ್ಬೇಕು’ ಅಂದ್ರೆ ಹೆಂಗೆ? ಸಾಹಿತ್ಯ ಕೃಷಿ ಅಂತೀವಲ್ಲ, ಎರಡೂ ಅರ್ಥ ಬರುತ್ತೆ. ಆದ್ರೆ ಕ್ಯಾಂಡೀಡ್ ಬಾಯಲ್ಲಿ ಸನ್ಮಾನ ಪತ್ರದ ಭಾಷೆ ಆಗುತ್ತೇನೋ. ಮಲೆನಾಡು ಕಡೆಯವರು ದಯವಿಟ್ಟು ಹೇಳಿ, ಬರೀ ‘ತೋಟ’ ಅಂದ್ರೆ ನಿಮಗೆ ಅಡಿಕೆ ತೋಟವೇ ಕಣ್ಮುಂದೆ ಬರುತ್ತಾ, ‘ಹಿತ್ತಲು’ ಅಂದ್ರೆ ತೀರಾ ಸಣ್ಣದಾಗುತ್ತಾ?