ನಮ್ಮ ಮಡಿಕೇರಿ ಪಿನ್‌ಕೋಡ್ 571201 ಅವಿಭಾಜ್ಯ ಸಂಖ್ಯೆನಾ?

ಮಡಿಕೇರಿಯಿಂದ ಒಬ್ಬ ಅಪ್ಪ:
ನಿನ್ನೆ ಸಂಜೆ ಮಳೆಗೆ ಕರೆಂಟ್ ಹೋಗಿತ್ತು. ಏಳನೇ ಕ್ಲಾಸಿನ ಮಗಳು ಹೊತ್ತು ಹೋಗದೆ ಪಿನ್‌ಕೋಡನ್ನು ಭಾಗಿಸುತ್ತಾ ಕೂತಿದ್ದಳು. 2ರಿಂದ 8ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ 1! 9ಕ್ಕೆ ಮಾತ್ರ 7 ಉಳಿಯಿತು, 10ಕ್ಕೆ ಮತ್ತೆ 1. ನಾನೂ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಯಾಕೆ ಹೀಗೆ? ಇದು ಅವಿಭಾಜ್ಯನಾ ಅಂತಲೂ ಕೇಳುತ್ತಿದ್ದಾಳೆ. 50ರವರೆಗೆ ನೋಡಿ ಸುಸ್ತಾಗಿದ್ದಾಳೆ, ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳಲು ನನಗೂ ಗೊತ್ತಾಗಲಿಲ್ಲ.

ಕುಶಾಲನಗರದ ಟೀಚರ್:
ಒಳ್ಳೆಯದನ್ನೇ ಹಿಡಿದಿದ್ದಾಳೆ ಸರ್. ಒಂದು ಕಳೆದು ನೋಡಿ, 571200. ಇದು 840 × 680. 1ರಿಂದ 8ರವರೆಗಿನ ಸಂಖ್ಯೆಗಳ ಲ.ಸಾ.ಅ. 840 ಅಲ್ವಾ, ಹಾಗಾಗಿ ಅಷ್ಟರಿಂದಲೂ ಭಾಗ ಹೋಗುತ್ತದೆ. ಅಷ್ಟು ಕಿತ್ತಳೆ ಇದ್ದರೆ ಎರಡೆರಡಾಗಿ, ಮೂರುಮೂರಾಗಿ, ಎಂಟೆಂಟಾಗಿ ಹೇಗೆ ಗುಡ್ಡೆ ಹಾಕಿದರೂ ಏನೂ ಉಳಿಯಲ್ಲ, 571201 ಇದ್ದರೆ ಪ್ರತಿ ಸಲವೂ ಒಂದೇ ಒಂದು ಹಣ್ಣು ಉಳಿಯುತ್ತದೆ. 571200ರ ಅಂಕಿಗಳನ್ನು ಕೂಡಿದರೆ 15, ಅದು 9ರಿಂದ ಹೋಗುವುದಿಲ್ಲ. ಅದಕ್ಕೇ ಅಲ್ಲಿ ತಪ್ಪಿತು. ಅಂದಹಾಗೆ 17ಕ್ಕೂ ಶೇಷ 1 ಬರುತ್ತದೆ, ನೋಡಲು ಹೇಳಿ.

ಗೋಣಿಕೊಪ್ಪದಿಂದ:
755ಕ್ಕೆ ನಿಲ್ಲಿಸಬಹುದು. 756ರ ವರ್ಗ 571536, ಆಗಲೇ ನಮ್ಮ ಸಂಖ್ಯೆಯನ್ನು ದಾಟಿತು. ಒಂದು ಸಂಖ್ಯೆ ಎರಡಾಗಿ ಒಡೆದರೆ ಅದರಲ್ಲಿ ಚಿಕ್ಕದು ವರ್ಗಮೂಲಕ್ಕಿಂತ ದೊಡ್ಡದಾಗಿರಲು ಆಗಲ್ಲ. ಅದರಲ್ಲೂ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು, ಒಟ್ಟು 133 ಇವೆ, ಮೇಡಂ ಲೆಕ್ಕದಲ್ಲೇ 2, 3, 5, 7, 17 ಮುಗಿದವು, ಉಳಿದ 128ನ್ನು ನಾನು ಕ್ಯಾಲ್ಕುಲೇಟರ್ ಹಿಡಿದು ಒಂದೊಂದಾಗಿ ಮಾಡಿದೆ. ಯಾವುದರಿಂದಲೂ ಹೋಗಲಿಲ್ಲ. ಹೌದು, ಅವಿಭಾಜ್ಯವೇ! ಯಾವ ಸಲವೂ ಶೇಷ 2 ಬರಲಿಲ್ಲ. ಹಾಗಾದರೆ ಎರಡು ಕಡಿಮೆ ಇರುವ 571199 ಕೂಡ ಅವಿಭಾಜ್ಯ, ಅಂದರೆ ಇವೆರಡು ಅವಳಿ. ನಮ್ಮ 571213ಕ್ಕೆ ಆ ಭಾಗ್ಯ ಇಲ್ಲ, 29 × 19697 ಆಗಿಬಿಡುತ್ತದೆ.

ಪೊನ್ನಂಪೇಟೆಯಿಂದ:
ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 4ರಿಂದ ಭಾಗಿಸಿದಾಗ 1 ಉಳಿಯುವ ಯಾವ ಅವಿಭಾಜ್ಯವನ್ನಾದರೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಇದನ್ನು ಹೇಳಿದ್ದ, ಸಾಬೀತು ಮಾಡಿದ್ದು ನೂರು ವರ್ಷ ಕಳೆದ ಮೇಲೆ ಆಯ್ಲರ್. ಹಾಗಾದರೆ 571201ಕ್ಕೂ ಇರಲೇಬೇಕು. ಉತ್ತರ ಈಗಲೇ ಹೇಳಲ್ಲ, ಮಗಳು ಹುಡುಕಲಿ. ಎರಡರಲ್ಲಿ ಒಂದು 5ರ ಗುಣಕ, ಸಮ ಸಂಖ್ಯೆಯಾಗಿರುವುದು 4ರ ಗುಣಕ. ಇಷ್ಟು ಸುಳಿವು ಸಾಕು.

ಮಡಿಕೇರಿಯಿಂದ ಒಬ್ಬ ಅಪ್ಪ:
ಎರಡು ಸಂಜೆ ಹಿಡಿಯಿತು, ಸಿಕ್ಕಿತು! 735ರ ವರ್ಗ 540225, 176ರ ವರ್ಗ 30976, ಕೂಡಿದರೆ ಸರಿಯಾಗಿ 571201. ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಅಜ್ಜಿ ಊರು ಸೋಮವಾರಪೇಟೆಯ 571236 ಹಿಡಿದಿದ್ದಾಳೆ, ಇದು 12ರಿಂದ ಹೋಗುತ್ತೆ ಅಂತ ಭಾಗಿಸದೇನೇ ಹೇಳಿದಳು.