ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದ ಹದಿಹರೆಯದ ಮಗ: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ: ಮಂಡ್ಯ ವಿದ್ಯಾನಗರದ ತಾಯಿ

ನನ್ನ ಮಗನಿಗೆ ಹದಿನೈದು ವರ್ಷ; ಈ ಸಲ ಎಸ್‌ಎಸ್‌ಎಲ್‌ಸಿ. ರಾತ್ರಿ ಹನ್ನೊಂದಕ್ಕೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ, ಆದರೆ ಎರಡರ ಸುಮಾರಿಗೆ ಎಚ್ಚರವಾದರೆ ನಾಲ್ಕರವರೆಗೂ ಹೊರಳಾಡುತ್ತಾನೆ. ಆರು ಗಂಟೆಗೆ ಗಣಿತದ ಟ್ಯೂಷನ್ ಇರುವುದರಿಂದ ಐದೂವರೆಗೆ ಎಬ್ಬಿಸಲೇಬೇಕು. ಶಾಲೆಯಿಂದ ಬಂದವನು ಸಂಜೆ ಎರಡು ಗಂಟೆ ಮಲಗಿ, ಎದ್ದು ಕಾಫಿ ಕುಡಿದು ಓದಲು ಕೂರುತ್ತಾನೆ. ನಮ್ಮ ಅತ್ತೆಯವರು ದೃಷ್ಟಿ ತೆಗೆದರು. ಪಕ್ಕದ ಮನೆಯವರು ಯಾವುದೋ ನಿದ್ದೆ ಮಾತ್ರೆಯ ಹೆಸರು ಹೇಳಿದರು. ಮಾತ್ರೆ ಕೊಡಲು ನನಗೆ ಮನಸ್ಸಿಲ್ಲ. ಈ ವಯಸ್ಸಿನ ಮಕ್ಕಳನ್ನು ಬೆಳೆಸಿದವರು ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಯಾವುದರಿಂದ ಗುಣ ಕಂಡಿತು ಎಂಬುದನ್ನು ತಿಳಿಸುವಿರಾ?

ಉತ್ತರ: ಮೈಸೂರು ಸರಸ್ವತಿಪುರಂನಿಂದ, ಪಿಯುಸಿ ಓದುವ ಮಗಳ ತಾಯಿ

ಮೇಡಂ, ನೀವು ಬರೆದ ಗಂಟೆಗಳನ್ನೆಲ್ಲ ಕೂಡಿಸಿದರೆ ನಿಮ್ಮ ಮಗ ದಿನಕ್ಕೆ ಸುಮಾರು ಆರೂವರೆ ಗಂಟೆ ಮಲಗುತ್ತಿದ್ದಾನೆ, ಅದೂ ಮೂರು ತುಂಡಾಗಿ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ 8ರಿಂದ 10 ಗಂಟೆಯ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಪ್ರಾಯಕ್ಕೆ ಬರುವಾಗ ದೇಹದೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ರಸ ಚಿಕ್ಕ ಮಕ್ಕಳಿಗಿಂತ ತಡವಾಗಿ ಸ್ರವಿಸಲು ಆರಂಭಿಸುತ್ತದೆ. ಆದ್ದರಿಂದ ಒಂಬತ್ತಕ್ಕೇ ಮಲಗು ಎಂದು ಗದರಿಸಿ ಪ್ರಯೋಜನವಿಲ್ಲ, ಮತ್ತು ಬೆಳಿಗ್ಗೆ ಏಳಲಾಗದಿರುವುದು ಸೋಮಾರಿತನವೂ ಅಲ್ಲ.

ನಮ್ಮ ಮನೆಯಲ್ಲಿ ಹೆಚ್ಚಿನ ವ್ಯತ್ಯಾಸ ತಂದದ್ದು ರಾತ್ರಿಯ ಕಟ್ಟುಪಾಡುಗಳಲ್ಲ, ಹಗಲಿನಲ್ಲಿ ಮಾಡಿಕೊಂಡ ಬದಲಾವಣೆಗಳು. ಮನುಷ್ಯ ಎದ್ದಿರುವಷ್ಟು ಹೊತ್ತೂ ನಿದ್ದೆಯ ಒತ್ತಡ, ಕಟ್ಟೆಯಲ್ಲಿ ನೀರು ತುಂಬಿದಂತೆ, ಮೆಲ್ಲಮೆಲ್ಲನೆ ಏರುತ್ತಾ ಹೋಗುತ್ತದೆ. ಸಂಜೆ ಎರಡು ಗಂಟೆ ಮಲಗಿದರೆ ಅದರಲ್ಲಿ ಬಹುಪಾಲು ಆಗಲೇ ಹರಿದುಹೋಗುತ್ತದೆ. ಉಳಿದಷ್ಟರ ಬಲದಿಂದ ಹನ್ನೊಂದಕ್ಕೆ ನಿದ್ದೆ ಹತ್ತಬಹುದು, ಆದರೆ ಅದು ಎರಡು ಗಂಟೆಯ ಹೊತ್ತಿಗೆ ಮುಗಿದುಹೋಗುವುದು ಆಶ್ಚರ್ಯವಲ್ಲ. ನಡುರಾತ್ರಿ ಎಚ್ಚರವಾಗುವುದೇ ಕಾಯಿಲೆಯೇನಲ್ಲ. ಪ್ರತಿ ಒಂದೂವರೆ ಗಂಟೆಗೊಮ್ಮೆ ನಿದ್ದೆಯ ಸುತ್ತು ಮುಗಿಯುವಾಗ ಎಲ್ಲರಿಗೂ ಕ್ಷಣಕಾಲ ಎಚ್ಚರವಾಗುತ್ತದೆ, ಬೆಳಿಗ್ಗೆ ಅದು ನೆನಪಿರುವುದಿಲ್ಲ. ಮತ್ತೆ ನಿದ್ದೆಗೆ ಜಾರಲು ಬೇಕಾದ ಒತ್ತಡ ಉಳಿದಿಲ್ಲದಿದ್ದಾಗ ಮಾತ್ರ ತೊಂದರೆಯಾಗುತ್ತದೆ.

ಕಾಫಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗುವುದಕ್ಕೆ ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಏಳರ ಫಿಲ್ಟರ್ ಕಾಫಿಯ ಅರ್ಧಭಾಗ ನಡುರಾತ್ರಿಯಲ್ಲೂ ಒಳಗಿರುತ್ತದೆ. ಅದರಿಂದ ನಿದ್ದೆ ಬಾರದಂತಾಗದಿದ್ದರೂ ತೆಳುವಾಗುತ್ತದೆ. ನಮ್ಮ ಮಗಳಿಗೆ ಬೆಳಿಗ್ಗೆ ಒಂದು ಲೋಟ ಮಾತ್ರ. ಸಂಜೆ ರಾಗಿ ಮಾಲ್ಟ್ ಅಥವಾ ಮಜ್ಜಿಗೆ.

ಇನ್ನೊಂದು ಮುಖ್ಯ ವಿಷಯ ಬೆಳಗಿನ ಬೆಳಕು. ದೇಹದ ಗಡಿಯಾರವನ್ನು ಮುಂದಕ್ಕೆ ತರಲು ಎದ್ದ ಸ್ವಲ್ಪ ಹೊತ್ತಿನಲ್ಲೇ ಬಯಲಿನ ಬೆಳಕು ಕಣ್ಣಿಗೆ ಬೀಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಮ್ಮವರು ಮಗಳನ್ನು ಕರೆದುಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರುತ್ತಾರೆ. ನಿಮ್ಮಲ್ಲಿ ವಿಶ್ವೇಶ್ವರಯ್ಯ ಕ್ರೀಡಾಂಗಣವಾದರೂ ಆದೀತು, ಮನೆಯ ಮುಂದಿನ ರಸ್ತೆಯಾದರೂ ಆದೀತು. ಭಾನುವಾರವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಮುಂದೆ ಹೋಗದಿರಲಿ. ಇದನ್ನು ಹಿಡಿದ ಮೊದಲ ವಾರ ಮಗಳು ಸಂಜೆ ತೂಕಡಿಸಿದಳು, ಸಿಡುಕಿದಳು. ಆ ವಾರವನ್ನು ದಾಟಿಸುವುದೇ ಕಷ್ಟ, ಆಮೇಲೆ ರಾತ್ರಿಗಳು ತಾವಾಗಿಯೇ ಕೂಡಿಕೊಳ್ಳುತ್ತಾ ಬಂದವು.

ಉತ್ತರ: ಪಾಂಡವಪುರ ತಾಲ್ಲೂಕಿನ ರೈತರು

ಅಕ್ಕಾ, ನಮ್ಮ ಮಗಳಿಗೂ ಇದೇ ತೊಂದರೆ ಇತ್ತು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುವುದರಿಂದ ನಾನು ಕಬ್ಬಿಗೆ ನೀರು ಕಟ್ಟಲು ಎದ್ದು ಹೋಗುತ್ತೇನೆ. ಆ ಸದ್ದಿಗೆ ಮಗುವಿಗೆ ಎಚ್ಚರವಾಗುತ್ತಿದೆಯೆಂದು ಮನೆಯವರಿಗೆ ಅನ್ನಿಸಿತ್ತು. ಆದರೆ ಹಗಲು ಕರೆಂಟು ಕೊಟ್ಟ ವಾರಗಳಲ್ಲೂ ಅವಳು ಎದ್ದು ಕೂರುತ್ತಿದ್ದಳು. ಕೂರಿಸಿಕೊಂಡು ಕೇಳಿದಾಗ, ಮಲಗಿದರೆ ಕಾಲೊಳಗೆ ಏನೋ ಹರಿದಾಡಿದ ಹಾಗಾಗುತ್ತದೆ, ಅಲ್ಲಾಡಿಸಿದರೆ ಅಥವಾ ಎದ್ದು ನಡೆದರೆ ಮಾತ್ರ ಸಮಾಧಾನ ಎಂದಳು. ಡಾಕ್ಟರು ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಎಂಬ ಪರೀಕ್ಷೆಯನ್ನೂ ಮಾಡಿಸಿದರು. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಆದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಬಹಳ ಕಡಿಮೆಯಿತ್ತು. ಕಾಲಿನ ಈ ಚಡಪಡಿಕೆಗೆ ಅದೊಂದು ಸಾಮಾನ್ಯ ಕಾರಣವಂತೆ.

ಅವರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಕೊಡದೆ ನಿಂಬೆಹಣ್ಣಿನ ಪಾನಕದೊಂದಿಗೆ ಕೊಟ್ಟೆವು. ಗುಣ ಕಾಣಲು ತಿಂಗಳುಗಳೇ ಹಿಡಿದವು, ಆದರೆ ಗುಣವಾಯಿತು. ಪರೀಕ್ಷೆಯಿಲ್ಲದೆ ನೀವೇ ಮಾತ್ರೆ ಆರಂಭಿಸಬೇಡಿ. ಎಚ್ಚರವಾದಾಗ ದೇಹದಲ್ಲಿ ಏನನ್ನಿಸುತ್ತದೆ ಎಂದು ಮಗನನ್ನು ಮಾತ್ರ ಇವತ್ತೇ ಕೇಳಿ.

ಉತ್ತರ: ಮೈಸೂರು ಕುವೆಂಪುನಗರದಿಂದ, ನಿವೃತ್ತ ಪ್ರೌಢಶಾಲಾ ಶಿಕ್ಷಕರು

ತಾಯಿ, ಹತ್ತನೆಯ ತರಗತಿಯ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿದವನಾಗಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಆರು ಗಂಟೆಯ ಆ ಟ್ಯೂಷನ್ನನ್ನು ಸಂಜೆಗೆ ಬದಲಾಯಿಸಿ, ಆಗದಿದ್ದರೆ ಬಿಡಿಸಿ. ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಜಾವದಲ್ಲಿ, ಮತ್ತು ನಾವು ಮಕ್ಕಳನ್ನು ಎಬ್ಬಿಸಿ ಬೈಕಿನ ಹಿಂದೆ ಕೂರಿಸುವುದೂ ಅದೇ ಜಾವದಲ್ಲಿ. ಬ್ರಾಹ್ಮೀ ಮುಹೂರ್ತದಲ್ಲಿ ಓದಬೇಕೆಂಬ ಮಾತು ಎಂಟು ಗಂಟೆಗೆಲ್ಲ ದೀಪ ಆರಿಸುತ್ತಿದ್ದ ಮನೆಗಳಿಗೆ ಹೊಂದುತ್ತಿತ್ತು. ಸಂಜೆಯ ಮಲಗುವಿಕೆ ತಪ್ಪಿ ಹತ್ತೂವರೆಗೆ ಮಲಗಿದ ಹುಡುಗ ಆರೂವರೆಯವರೆಗೆ ಮಲಗಿದರೆ ಎಂಟು ಗಂಟೆ ತುಂಬುತ್ತದೆ.

ಎಚ್ಚರವಾದ ಆ ಎರಡು ಗಂಟೆ ಅವನು ಏನು ಯೋಚಿಸುತ್ತಾನೆ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಅಂಕಗಳ ಭಯವಿರಬಹುದು, ಸಹಪಾಠಿಗಳು ಪೀಡಿಸುತ್ತಿರಬಹುದು, ಮನೆಯ ಸಾಲದ ಮಾತು ಕಿವಿಗೆ ಬಿದ್ದಿರಬಹುದು. ಇದನ್ನು ರಾತ್ರಿ ಕೇಳಬೇಡಿ; ಸಂಜೆ ಊಟಕ್ಕೆ ಮೊದಲು, ಅಂಗಡಿಗೆ ಹೋಗುವಾಗಲೋ ಸೊಪ್ಪು ಬಿಡಿಸುವಾಗಲೋ, ಮುಖಾಮುಖಿಯಾಗಿ ಕೂರಿಸದೆ ಕೇಳಿದರೆ ಗಂಡುಮಕ್ಕಳು ಹೆಚ್ಚು ಮಾತಾಡುತ್ತಾರೆ. ನಾಳೆಯ ಚಿಂತೆಗಳನ್ನು ಆ ಹೊತ್ತಿನಲ್ಲೇ ಒಂದು ಹಾಳೆಯಲ್ಲಿ ಬರೆದಿಡುವ ಅಭ್ಯಾಸ ನನ್ನ ಕೆಲವು ವಿದ್ಯಾರ್ಥಿಗಳಿಗೆ ಬಹಳ ಅನುಕೂಲವಾಯಿತು.

ರಾತ್ರಿ ಗಡಿಯಾರ ಅವನ ಕಣ್ಣಿಗೆ ಕಾಣದಂತೆ ತಿರುಗಿಸಿಡಿ, ಫೋನು ನಿಮ್ಮ ಕೋಣೆಯಲ್ಲಿ ಚಾರ್ಜ್ ಆಗಲಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆಯಿಂದೆದ್ದು, ಮಂದ ಬೆಳಕಿನಲ್ಲಿ ಪಠ್ಯವಲ್ಲದ ಯಾವುದಾದರೂ ಪುಸ್ತಕ ಓದುತ್ತಾ ಕೂತು, ತೂಕಡಿಕೆ ಬಂದ ಮೇಲೆ ಮಲಗಲಿ. ಹಾಸಿಗೆಯ ಮೇಲೆ ಹೊರಳಾಡುತ್ತಲೇ ಇದ್ದರೆ ಮನಸ್ಸು ಹಾಸಿಗೆಗೂ ಎಚ್ಚರಕ್ಕೂ ನಂಟು ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಎದ್ದೊಡನೆ ‘ರಾತ್ರಿ ನಿದ್ದೆ ಬಂತೇನೋ?’ ಎಂದು ದಿನವೂ ವಿಚಾರಿಸುವುದನ್ನು ಮನೆಯವರೆಲ್ಲರೂ ನಿಲ್ಲಿಸಿ.

ಉತ್ತರ: ಮಂಡ್ಯದಿಂದ, ಆಸ್ಪತ್ರೆಯ ಶುಶ್ರೂಷಕಿ

ಮೇಲಿನವರು ಹೇಳಿದ್ದನ್ನು ಮಾಡುತ್ತಲೇ ಕೆಲವು ಲಕ್ಷಣಗಳನ್ನು ಗಮನಿಸಿ. ಜೋರಾದ ಗೊರಕೆ, ಬಾಯಿ ತೆರೆದು ಉಸಿರಾಡುವುದು, ಉಸಿರು ನಿಂತು ಬೆಚ್ಚಿ ಏಳುವುದು ಇದ್ದರೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ವೈದ್ಯರಿಗೆ ತೋರಿಸಬೇಕು. ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದು, ಬಾಯಾರಿಕೆ ಹೆಚ್ಚಾಗಿ ತೂಕ ಇಳಿಯುತ್ತಿದ್ದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ, ಅದಕ್ಕೆ ಕಾಯುವಂತಿಲ್ಲ.

ಆಟ, ಗೆಳೆಯರು, ಊಟ ಯಾವುದರಲ್ಲೂ ಆಸಕ್ತಿ ಉಳಿಯದೆ ವಾರಗಟ್ಟಲೆ ಮಂಕಾಗಿದ್ದರೆ, ಅಥವಾ ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ, ನಮ್ಮ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೆರೆಮನೆಯವರು ಹೇಳಿದ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ನೆಗಡಿಯ ಮಾತ್ರೆಯ ಮಂಪರನ್ನು ನಿದ್ದೆಗಾಗಿ ಬಳಸುವುದೂ ಬೇಡ. ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಮಲಗಿದ್ದು, ಎಚ್ಚರವಾದದ್ದು, ಎದ್ದದ್ದು, ಕಾಫಿ ಕುಡಿದದ್ದು ಇಷ್ಟನ್ನು ಬರೆದಿಟ್ಟುಕೊಂಡರೆ ಅವರಿಗೆ ಬಹಳ ಸಹಾಯವಾಗುತ್ತದೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಟ್ಯೂಷನ್ ಮೇಷ್ಟ್ರ ಹತ್ತಿರ ನಾಳೆಯೇ ಮಾತಾಡುತ್ತೇವೆ. ಕಾಲಿನ ವಿಷಯ ಕೇಳಿದೆ, ಅಂಥದ್ದೇನೂ ಇಲ್ಲವೆಂದ. ಆದರೆ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಅಂಕಗಳ ಬಗ್ಗೆ ಅವನಾಗಿಯೇ ತುಂಬಾ ಹೊತ್ತು ಮಾತಾಡಿದ. ಒಂದು ಸಂದೇಹ ಉಳಿದಿದೆ: ಶಾಲೆಯಿಂದ ಬಂದಾಗ ಕಣ್ಣೇ ಬಿಡಲಾಗದಷ್ಟು ದಣಿದಿರುತ್ತಾನೆ, ಒಂದಿಷ್ಟೂ ಮಲಗಬಾರದೆ?

ಸರಸ್ವತಿಪುರಂನ ತಾಯಿ

ಮಲಗಬಹುದು ಮೇಡಂ, ಆದರೆ ಬಂದ ಕೂಡಲೇ, ಇಪ್ಪತ್ತರಿಂದ ಮೂವತ್ತು ನಿಮಿಷ ಮಾತ್ರ, ಅಲಾರಾಂ ಇಟ್ಟು, ಕಿಟಕಿ ತೆರೆದ ಹಜಾರದಲ್ಲಿ ಮಲಗಿಸಿ. ಐದು ಗಂಟೆ ದಾಟಿದ ದಿನ ಮಲಗಿಸದೆ ತಿಂಡಿ ಕೊಟ್ಟು ಸೈಕಲ್ಲು ಹೊಡೆಯಲು ಕಳಿಸಿ, ರಾತ್ರಿ ಅರ್ಧ ಗಂಟೆ ಮುಂಚೆ ಮಲಗಲು ಬಿಡಿ.